ಬೇಸಿಗೆಯಲ್ಲಿ ಹೊರದೇಶದ ಕಲಾಶಿಬಿರ, ಬರವಣಿಗೆಯ ಕಮ್ಮಟ: ಸಿದ್ಧತೆ ಹೇಗೆ?

ಯುರೋಪ್ ಮತ್ತು ಅಮೆರಿಕಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ನಡೆಯುವ ಕಲೆ ಮತ್ತು ಸೃಜನಶೀಲ ಬರವಣಿಗೆಯ ಶಿಬಿರಗಳು ಹೊರಗಿನಿಂದ ಒಂದೇ ಬಗೆಯವಾಗಿ ಕಂಡರೂ ಕಲಿಕೆಯ ಕ್ರಮದಲ್ಲಿ ಬಹಳ ಭಿನ್ನವಾಗಿವೆ. ಚಿತ್ರಕಾರ ಆಸ್ಕರ್ ಕೊಕೊಶ್ಕಾ 1953ರಲ್ಲಿ ‘ನೋಡುವ ಶಾಲೆ’ ಎಂದು ಆರಂಭಿಸಿದ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಬೇಸಿಗೆ ಅಕಾಡೆಮಿಯಲ್ಲಿ ಒಬ್ಬ ಕಲಾವಿದರ ತರಗತಿಯನ್ನು ಆರಿಸಿಕೊಂಡು ಅವರೊಡನೆ ಕೆಲಸ ಮಾಡುವ ಪದ್ಧತಿಯಿದೆ. 1946ರಲ್ಲಿ ಸ್ಥಾಪನೆಯಾದ ಅಮೆರಿಕದ ಸ್ಕೌಹೀಗನ್ ಕಲಾಶಾಲೆಯದು ಅಲ್ಲಿಯೇ ಉಳಿದು ಕೆಲಸ ಮಾಡುವ ಒಂಬತ್ತು ವಾರಗಳ ವಾಸ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ 1926ರಿಂದ ನಡೆದುಬಂದಿರುವ ಬ್ರೆಡ್ ಲೋಫ್ ಬರಹಗಾರರ ಸಮಾವೇಶ ಸುಮಾರು ಹತ್ತು ದಿನಗಳಲ್ಲಿ ಮುಗಿಯುತ್ತದೆ.

ಊರಿನ ಚೆಲುವಿಗೆ ಮರುಳಾಗಿ ಶಿಬಿರವನ್ನು ಆರಿಸಿಕೊಳ್ಳಬೇಡಿ. ನಿಮ್ಮ ಕೃತಿಯನ್ನು ಯಾರು ಓದುತ್ತಾರೆ ಅಥವಾ ನೋಡುತ್ತಾರೆ, ಎಷ್ಟು ಹೊತ್ತು ಚರ್ಚಿಸುತ್ತಾರೆ, ಒಂಟಿಯಾಗಿ ಕೆಲಸ ಮಾಡಲು ದಿನಕ್ಕೆ ಎಷ್ಟು ಗಂಟೆ ಸಿಗುತ್ತದೆ ಎಂಬುದನ್ನು ಸಂಘಟಕರಿಗೆ ಬರೆದು ಕೇಳಿ. ಯುರೋಪಿನ ವಿಶ್ವವಿದ್ಯಾಲಯಗಳು ನೀಡುವ ಒಂದು ಇಸಿಟಿಎಸ್ ಕ್ರೆಡಿಟ್ (ಕಲಿಕೆಯನ್ನು ಅಳೆಯುವ ಯುರೋಪಿನ ಸಾಮಾನ್ಯ ಅಂಕಮಾನ) 25ರಿಂದ 30 ಗಂಟೆಗಳ ಕೆಲಸಕ್ಕೆ ಸಮ. ಆದ್ದರಿಂದ ಕ್ರೆಡಿಟ್‌ಗಳ ಸಂಖ್ಯೆಯನ್ನು ನೋಡಿದರೆ ಕೆಲಸದ ಹೊರೆಯೂ ತಿಳಿಯುತ್ತದೆ.

ಅರ್ಜಿಯೊಡನೆ ಕಳಿಸುವ ಮಾದರಿಯ ಬಗ್ಗೆ ಹೆಚ್ಚು ಯೋಚಿಸಬೇಕು. ಹಲವು ಬಗೆಯ ಚಿತ್ರಗಳನ್ನು ತುಂಬುವುದಕ್ಕಿಂತ ಒಂದೇ ವಸ್ತುವನ್ನು ಬೆನ್ನುಹತ್ತಿ ಬರೆದ ಸರಣಿಯೊಂದು ನಿಮ್ಮ ಹುಡುಕಾಟವನ್ನು ಚೆನ್ನಾಗಿ ತೋರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷೇತರ ಭಾಷೆಯಲ್ಲಿ ಬರೆಯುವವರು ತಮ್ಮ ಬರಹವನ್ನು ತಾವೇ ಅನುವಾದಿಸಿಕೊಳ್ಳುವುದು ಒಳ್ಳೆಯದು. ಅನುವಾದಕ್ಕೆ ಒಗ್ಗದ ಪದಗಳು ಎಲ್ಲಿ ಎದುರಾಗುತ್ತವೆಯೋ ಅಲ್ಲಿಯೇ ಕಮ್ಮಟದ ಅತ್ಯಂತ ಫಲಪ್ರದ ಚರ್ಚೆ ಹುಟ್ಟಬಹುದು. ಮುಗಿದ ಕೃತಿಯನ್ನು ಒಯ್ದರೆ ಮೆಚ್ಚುಗೆ ಸಿಗಬಹುದು, ಆದರೆ ಎಲ್ಲೋ ಸಿಕ್ಕಿಹಾಕಿಕೊಂಡು ಮುಂದೆ ಸಾಗದ ಕರಡನ್ನು ಒಯ್ದರೆ ಕಲಿಯುವುದಕ್ಕೆ ಅವಕಾಶ ದೊರೆಯುತ್ತದೆ.

ವೀಸಾದ ಕೆಲಸವನ್ನು ಬೇಗ ಆರಂಭಿಸಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಬೇಕು. 30,000 ಯೂರೊಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆಯೂ ಅಗತ್ಯ. ಅಮೆರಿಕದಲ್ಲಿ ಪದವಿಗೆ ಸಲ್ಲುವ ಕ್ರೆಡಿಟ್ ಪಡೆಯುವುದಾದರೆ ಪ್ರವಾಸಿ ವೀಸಾ ಸಾಲದು, ವಿದ್ಯಾರ್ಥಿ ವೀಸಾ ಬೇಕಾಗುತ್ತದೆ.

ಟರ್ಪೆಂಟೈನ್, ಚಿತ್ರದ ಮೇಲೆ ಸಿಂಪಡಿಸುವ ಫಿಕ್ಸೆಟಿವ್ ಮೊದಲಾದ ಹೊತ್ತಿಕೊಳ್ಳುವ ಪದಾರ್ಥಗಳನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಅವುಗಳನ್ನು ಅಲ್ಲಿಯೇ ಕೊಳ್ಳಬೇಕು. ಎರಡು ವಾರದ ಶಿಬಿರಕ್ಕೆ ತೈಲವರ್ಣಕ್ಕಿಂತ ಜಲವರ್ಣ ಅಥವಾ ಅಕ್ರಿಲಿಕ್ ಅನುಕೂಲ, ಏಕೆಂದರೆ ದಪ್ಪವಾಗಿ ಬಳಿದ ತೈಲವರ್ಣ ಹೊರಡುವ ದಿನದವರೆಗೂ ಒಣಗದೆ ಉಳಿಯಬಹುದು.

ಶಿಬಿರದಲ್ಲಿರುವಾಗ ಬಿಡುವಿನ ವೇಳೆಯನ್ನು ಹಲವು ಊರುಗಳಿಗೆ ಹಂಚಿಬಿಡುವ ಆಸೆಯನ್ನು ತಡೆದುಕೊಳ್ಳಿ. ಉದಾಹರಣೆಗೆ, ಲಂಡನ್ನಿನ ಚಿತ್ರ ಸಂಗ್ರಹಾಲಯವಾದ ನ್ಯಾಷನಲ್ ಗ್ಯಾಲರಿಗೆ ಸಾಮಾನ್ಯ ಪ್ರವೇಶ ಉಚಿತವಾಗಿರುವುದರಿಂದ ಒಂದೇ ಚಿತ್ರದ ಮುಂದೆ ನಾಲ್ಕು ಬೇರೆ ಬೇರೆ ದಿನ ಕುಳಿತು, ಮೊದಲ ದಿನ ಪೆನ್ಸಿಲ್‌ನಲ್ಲಿ ಗೆರೆಗಳನ್ನೂ ಎರಡನೆಯ ದಿನ ನೆರಳು ಬೆಳಕುಗಳನ್ನೂ ಗುರುತಿಸಿ, ಉಳಿದೆರಡು ದಿನ ಕಂಡದ್ದನ್ನು ಮಾತಿನಲ್ಲಿ ಬರೆದಿಡುವುದು ಸಾಧ್ಯ. ಬರಹಗಾರರಿಗೂ ಚಿತ್ರಕಾರರಿಗೂ ಸಮಾನವಾಗಿ ಒದಗುವ ಇಂಥ ಅಭ್ಯಾಸ ಇನ್ನೊಂದನ್ನು ನಾನು ಕಂಡಿಲ್ಲ. ಸಂಗ್ರಹಾಲಯಗಳು ಸಾಮಾನ್ಯವಾಗಿ ಪೆನ್ಸಿಲ್‌ಗೆ ಅಡ್ಡಿಮಾಡುವುದಿಲ್ಲ, ಆದರೆ ಇದ್ದಿಲು ಮತ್ತು ಬಣ್ಣಗಳಿಗೆ ಮುಂಚಿತವಾಗಿ ಅನುಮತಿ ಪಡೆಯಬೇಕಾಗಬಹುದು.

ಕಮ್ಮಟದಲ್ಲಿ ನಿಮ್ಮ ಬರಹದ ಚರ್ಚೆ ನಡೆಯುವಾಗ ಸಮರ್ಥನೆಗೆ ಇಳಿಯದೆ, ಯಾವ ಸಾಲಿನಲ್ಲಿ ಓದುಗರು ಎಡವಿದರು ಎಂಬುದನ್ನಷ್ಟೇ ಬರೆದುಕೊಳ್ಳಿ. ಅವರು ಸೂಚಿಸುವ ಪರಿಹಾರವನ್ನು ಒಪ್ಪಲೇಬೇಕೆಂದಿಲ್ಲ, ಎಡವಿದ ಜಾಗವನ್ನು ಮಾತ್ರ ಮರೆಯಬಾರದು. ಆ ಟಿಪ್ಪಣಿಗಳನ್ನು ಅದೇ ಸಂಜೆ ಕರಡಿನ ಅಂಚಿಗೆ ವರ್ಗಾಯಿಸಿಕೊಳ್ಳಿ. ಊರಿಗೆ ಮರಳುವಾಗ ಒಣಗಿದ ಕ್ಯಾನ್ವಾಸನ್ನು ತರುವುದಾದರೆ ಚಿತ್ರವಿರುವ ಬದಿ ಹೊರಗೆ ಬರುವಂತೆ ಅಗಲವಾದ ಕೊಳವೆಗೆ ಸುತ್ತಿ. ಒಳಮುಖವಾಗಿ ಸುತ್ತಿದರೆ ಬಣ್ಣದ ಪದರ ಒತ್ತಿಕೊಂಡು ಸುಕ್ಕುಗಟ್ಟುತ್ತದೆ.