ಎಐ ಬರೆದ ತರಬೇತಿ ಪ್ಲಾನನ್ನು ವಾಚಿಗೆ ಇಳಿಸುವುದು ಹೇಗೆ?

ಮ್ಯಾರಥಾನ್‌ಗೆ 12 ವಾರದ ಪ್ಲಾನ್ ಮಾಡಿಕೊಡು ಅಂತ ಚಾಟ್‌ಜಿಪಿಟಿಗೋ ಜೆಮಿನಿಗೋ ಹೇಳಿದರೆ ನೋಡನೋಡುತ್ತಲೇ ಪ್ಲಾನ್ ಸಿದ್ಧ. ಮಂಗಳವಾರ ಇಂಟರ್ವಲ್ (ಜೋರು ಓಟ, ನಡುನಡುವೆ ಬಿಡುವು), ಗುರುವಾರ ಟೆಂಪೋ (ಒಂದೇ ಸಮನೆ ಗಟ್ಟಿ ಓಟ), ಭಾನುವಾರ ಲಾಂಗ್ ರನ್. ಓದುವುದಕ್ಕೂ ಚೆನ್ನಾಗಿರುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಪ್ಲಾನ್ ಇರುವುದು ಫೋನಿನ ಚಾಟ್‌ನಲ್ಲಿ, ಓಡುವಾಗ ನೀವು ನೋಡುವುದು ಕೈಯಲ್ಲಿರುವ ವಾಚನ್ನು. ಇವೆರಡನ್ನು ಜೋಡಿಸಬೇಕು.

ಜೋಡಿಸುವ ಬಟನ್‌ಗಳೇನೋ ಸುಲಭವಾಗಿ ಸಿಗುತ್ತವೆ. ಕೆಲಸ ಕೆಡುವುದು ಅದಕ್ಕೂ ಮೊದಲು. ಎಐ ಮಾತಿನಲ್ಲಿ ಬರೆಯುತ್ತದೆ, ವಾಚಿಗೆ ಅಂಕಿ ಬೇಕು. ‘ಆರಾಮಾಗಿ ಸ್ವಲ್ಪ ಓಡಿ, ಆಮೇಲೆ ಜೋರಾಗಿ’ ಅಂದರೆ ನಿಮಗೆ ಅರ್ಥವಾಗುತ್ತದೆ, ವಾಚಿಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಆ ಮಾತನ್ನು ಅಂಕಿಗೆ ಇಳಿಸುವುದಕ್ಕೇ ಹೋಗುತ್ತದೆ.

ನಿಮ್ಮ ಪ್ಲಾನ್ ತಯಾರಾಗಿದ್ದೇ ರನ್ನಾ, ಟ್ರೈನರ್‌ರೋಡ್‌ನಂಥ ತರಬೇತಿ ಆ್ಯಪ್ ಒಳಗೆ ಅಂತಾದರೆ ಈ ತಲೆನೋವು ಬಹಳಷ್ಟು ಕಡಿಮೆ. ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ವಾಚ್ ಕಂಪನಿಯ ಖಾತೆಯನ್ನು ಜೋಡಿಸಿದರೆ ಸಾಕು. ಮುಂದೆ ಹೇಳುವುದು ಚಾಟ್‌ಬಾಟ್ ಹತ್ತಿರ ಪ್ಲಾನ್ ಬರೆಸಿಕೊಂಡವರಿಗೆ.

ಹೆಜ್ಜೆ 1: ಒಂದು ಕ್ಯಾಲೆಂಡರ್ ಆರಿಸಿಕೊಳ್ಳಿ

ಸ್ಟ್ರಾವಾ ಎಲ್ಲರಿಗೂ ಗೊತ್ತು. ಆದರೆ ಅದು ಮುಖ್ಯವಾಗಿ ಓಡಿ ಮುಗಿಸಿದ್ದನ್ನು ದಾಖಲಿಸುವ ಜಾಗ. ನಾಳೆ ಓಡಬೇಕಾದ ವರ್ಕೌಟನ್ನು ಹಂತಹಂತವಾಗಿ ವಾಚಿಗೆ ಕಳಿಸಲು ಬೇರೆ ಜಾಗಗಳಿವೆ. ಗಾರ್ಮಿನ್ ವಾಚ್ ಇದ್ದವರಿಗೆ ಆ ಕಂಪನಿಯ ಆ್ಯಪ್ ಗಾರ್ಮಿನ್ ಕನೆಕ್ಟ್‌ನಲ್ಲೇ ವರ್ಕೌಟ್ ಕಟ್ಟಿ ಕ್ಯಾಲೆಂಡರ್‌ಗೆ ಹಾಕುವ ಸೌಲಭ್ಯ ಇದೆ. ಟ್ರೈನಿಂಗ್‌ಪೀಕ್ಸ್ ಮತ್ತು ಇಂಟರ್ವಲ್ಸ್ ಡಾಟ್ ಐಸಿಯು ಎಂಬ ತರಬೇತಿ ಕ್ಯಾಲೆಂಡರ್ ಸೇವೆಗಳು ಬೇರೆಬೇರೆ ಕಂಪನಿಗಳ ವಾಚ್ ಮತ್ತು ಸೈಕಲ್ ಕಂಪ್ಯೂಟರ್‌ಗಳಿಗೆ ವರ್ಕೌಟ್ ತಲುಪಿಸುತ್ತವೆ. ಆ್ಯಪಲ್ ವಾಚಿನಲ್ಲಿ 2023ರ ವಾಚ್ಓಎಸ್ 10ರಿಂದ ಬೇರೆ ಆ್ಯಪ್‌ಗಳೂ ವರ್ಕೌಟ್ ಕಳಿಸಬಹುದು.

ಇವುಗಳಲ್ಲಿ ಒಂದನ್ನು ಮಾತ್ರ ಪ್ಲಾನಿನ ಮನೆ ಮಾಡಿಕೊಳ್ಳಿ. ಎರಡು ಕಡೆ ಪ್ಲಾನ್ ಇಟ್ಟರೆ ಒಂದನ್ನು ತಿದ್ದುತ್ತೀರಿ, ಇನ್ನೊಂದು ಹಳೆಯದೇ ಉಳಿಯುತ್ತದೆ.

ಹೆಜ್ಜೆ 2: ಎಐ ಹತ್ತಿರ ಹಂತಗಳನ್ನು ಕೇಳಿ

ವಾಚಿನ ವರ್ಕೌಟ್ ಅಂದರೆ ಹಂತಗಳ ಸಾಲು. ಒಂದೊಂದು ಹಂತಕ್ಕೂ ಎರಡು ವಿಷಯ ಬೇಕು. ಹಂತ ಯಾವಾಗ ಮುಗಿಯುತ್ತದೆ (ಇಷ್ಟು ನಿಮಿಷಕ್ಕೆ, ಇಷ್ಟು ಕಿಲೋಮೀಟರ್‌ಗೆ, ಅಥವಾ ಲ್ಯಾಪ್ ಬಟನ್ ಒತ್ತಿದಾಗ) ಮತ್ತು ಅಲ್ಲಿಯವರೆಗೆ ಗುರಿ ಏನು (ಪೇಸ್ ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ, ಹೃದಯ ಬಡಿತ, ಪವರ್ ಅಂದರೆ ವಾಟ್ ಲೆಕ್ಕದ ಶಕ್ತಿ, ಅಥವಾ ಯಾವುದೂ ಇಲ್ಲ). ಎಐಗೆ ಹೀಗೆ ಹೇಳಿ:

‘ಪ್ರತಿ ವರ್ಕೌಟನ್ನೂ ಕೋಷ್ಟಕದಲ್ಲಿ ಕೊಡು. ದಿನಾಂಕ, ವಾರದ ದಿನ, ಹಂತ, ಹಂತ ಮುಗಿಯುವ ಬಗೆ, ಗುರಿಯ ಕೆಳಮಿತಿ, ಮೇಲ್ಮಿತಿ, ಎಷ್ಟು ಸಲ ಪುನರಾವರ್ತನೆ. ಝೋನ್ ಹೆಸರು ಬಳಸಬೇಡ, ಅಂಕಿಯನ್ನೇ ಬರೆ. ಒಂದು ವಾರದ್ದು ಮಾತ್ರ ಕೊಡು.’

ಗುರಿಗೆ ಒಂದೇ ಅಂಕಿ ಕೊಟ್ಟರೆ ವಾಚ್ ಬೀಪ್ ಬೀಪ್ ಅಂತ ತಲೆ ತಿನ್ನುತ್ತದೆ. ಜಿಪಿಎಸ್ ತೋರಿಸುವ ಆ ಕ್ಷಣದ ಪೇಸ್ ಯಾವಾಗಲೂ ಮೇಲೆ ಕೆಳಗೆ ಆಡುತ್ತಿರುತ್ತದೆ. ಕಿಲೋಮೀಟರಿಗೆ 5:20 ಅನ್ನುವ ಬದಲು 5:10ರಿಂದ 5:30 ಅಂತ ಇಡಿ. 30 ಸೆಕೆಂಡಿನ ಚಿಕ್ಕ ಇಂಟರ್ವಲ್‌ಗೆ ಹೃದಯ ಬಡಿತದ ಗುರಿ ಇಡಲೇಬೇಡಿ. ಬಡಿತ ಏರುವಷ್ಟರಲ್ಲಿ ಹಂತವೇ ಮುಗಿದಿರುತ್ತದೆ. ಏರುದಾರಿಯಲ್ಲಿ ಪೇಸ್ ಗುರಿಯೂ ಅಷ್ಟೇ, ಸುಮ್ನೆ ತೊಂದರೆ. ಅಲ್ಲಿ ಪವರ್ ಇದ್ದರೆ ಪವರ್, ಇಲ್ಲದಿದ್ದರೆ ಶ್ರಮ 10ಕ್ಕೆ ಇಷ್ಟು ಅಂತ ಟಿಪ್ಪಣಿ ಸಾಕು. ವಾರ್ಮ್‌ಅಪ್ ಹಂತ ಲ್ಯಾಪ್ ಬಟನ್‌ಗೆ ಮುಗಿಯುವಂತೆ ಇಟ್ಟರೆ ಸಿಗ್ನಲ್‌ನಲ್ಲಿ ನಿಂತರೂ ಚಿಂತೆ ಇಲ್ಲ.

ಹೆಜ್ಜೆ 3: ಝೋನ್ ಗೊಂದಲ ಬಿಡಿಸಿ

ಝೋನ್ ಅಂದರೆ ಹೃದಯ ಬಡಿತ ಅಥವಾ ಪವರ್ ಲೆಕ್ಕದಲ್ಲಿ ಹಂಚಿದ ಶ್ರಮದ ಮಟ್ಟ. ಆ ಹೆಸರು ಬೇಡ ಅಂತ ಮೇಲೆ ಹೇಳಿದ್ದಕ್ಕೆ ಕಾರಣ ಇದೆ. ಇಡೀ ಕೆಲಸದಲ್ಲಿ ಜಾಸ್ತಿ ಜನ ಮೋಸ ಹೋಗುವ ಜಾಗ ಇದೇ.

ಎಐ ‘ಝೋನ್ 2ರಲ್ಲಿ 60 ನಿಮಿಷ’ ಅಂತ ಬರೆಯುತ್ತದೆ. ಯಾರ ಝೋನ್ 2? ಗರಿಷ್ಠ ಬಡಿತ 190, ಲ್ಯಾಕ್ಟೇಟ್ ಥ್ರೆಶೋಲ್ಡ್ ಬಡಿತ (ಸುಮಾರು ಒಂದು ಗಂಟೆ ತಡೆದುಕೊಳ್ಳಬಹುದಾದ ಜೋರಿನ ಓಟದ ಬಡಿತ) 170 ಇರುವ ಒಬ್ಬ ಓಟಗಾರರನ್ನು ತೆಗೆದುಕೊಳ್ಳಿ. ಗರಿಷ್ಠ ಬಡಿತದ ಶೇ 60ರಿಂದ 70 ಅನ್ನುವ ಐದು ಝೋನ್‌ಗಳ ಸಾಮಾನ್ಯ ಲೆಕ್ಕದಲ್ಲಿ ಅವರ ಝೋನ್ 2 ಅಂದರೆ 114ರಿಂದ 133. ಕೋಚ್ ಜೋ ಫ್ರೀಲ್ ಅವರ ಲೆಕ್ಕದಲ್ಲಿ ಓಟದ ಝೋನ್ 2 ಅಂದರೆ ಥ್ರೆಶೋಲ್ಡ್ ಬಡಿತದ ಶೇ 85ರಿಂದ 89. ಅದು 145ರಿಂದ 151. ಅದೇ ಮನುಷ್ಯ, ಅದೇ ಝೋನ್ 2, ಆದರೆ ಎರಡೂ ಎಲ್ಲೂ ಒಂದಕ್ಕೊಂದು ತಾಗುವುದೇ ಇಲ್ಲ. ಇದು ಸಾಲದು ಅಂತ ಕ್ರೀಡಾ ವಿಜ್ಞಾನದ ಸಂಶೋಧಕರು ಬಳಸುವ ಮೂರು ಝೋನ್‌ಗಳ ಪದ್ಧತಿಯೂ ಇದೆ. ಅದರಲ್ಲಿ ಆರಾಮದ ಓಟ ಝೋನ್ 1. ಝೋನ್ 2 ಅಂದರೆ ಎರಡು ಥ್ರೆಶೋಲ್ಡ್‌ಗಳ ನಡುವಿನದು, ಸಾಕಷ್ಟು ಗಟ್ಟಿ ಓಟ. ಎಐ ಓದಿರುವುದು ಈ ಮೂರನ್ನೂ. ಒಂದೇ ಪ್ಲಾನಿನಲ್ಲಿ ಎರಡನ್ನು ಬೆರೆಸಿದರೂ ಆಶ್ಚರ್ಯವಿಲ್ಲ.

ಪರಿಹಾರ ಹೀಗೆ. ಮೊದಲು ನಿಮ್ಮ ಅಂಕಿ ಕಂಡುಕೊಳ್ಳಿ. ಚೆನ್ನಾಗಿ ವಾರ್ಮ್‌ಅಪ್ ಮಾಡಿ, ಒಬ್ಬರೇ 30 ನಿಮಿಷ ರೇಸಿನಷ್ಟೇ ಜೋರಾಗಿ ಓಡಿ. ಕೊನೆಯ 20 ನಿಮಿಷದ ಸರಾಸರಿ ಬಡಿತವನ್ನು ಥ್ರೆಶೋಲ್ಡ್ ಬಡಿತ ಎಂದು ಇಟ್ಟುಕೊಳ್ಳಬಹುದು. ಸೈಕಲ್‌ನಲ್ಲಿ ಪವರ್ ಮೀಟರ್ ಇದ್ದರೆ 20 ನಿಮಿಷ ಆದಷ್ಟೂ ಜೋರಾಗಿ ತುಳಿದು, ಬಂದ ಸರಾಸರಿಯ ಶೇ 95ನ್ನು ಎಫ್‌ಟಿಪಿ (ಸುಮಾರು ಒಂದು ಗಂಟೆ ಕಾಯ್ದುಕೊಳ್ಳಬಹುದಾದ ಪವರ್) ಎಂದು ತೆಗೆದುಕೊಳ್ಳುವುದು ರೂಢಿ. ಹೃದಯದ ತೊಂದರೆ ಇರುವವರು, ಬಹಳ ದಿನದಿಂದ ವ್ಯಾಯಾಮ ಬಿಟ್ಟವರು ಈ ಟೆಸ್ಟ್‌ಗೆ ಮೊದಲು ಡಾಕ್ಟರನ್ನು ಕೇಳಲೇಬೇಕು. ಗರಿಷ್ಠ ಬಡಿತಕ್ಕೆ 220ರಿಂದ ವಯಸ್ಸು ಕಳೆಯುವ ಲೆಕ್ಕ ಸುಲಭ, ನಿಜ. ಆದರೆ ಒಬ್ಬೊಬ್ಬರಿಗೆ ಅದು 10-12 ಬಡಿತ ಆಚೀಚೆ ಆಗುವುದು ತೀರಾ ಸಾಮಾನ್ಯ. ಅದರ ಮೇಲೆ ಝೋನ್ ಕಟ್ಟಿದರೆ ಇಡೀ ಪ್ಲಾನೇ ಒಂದು ಮೆಟ್ಟಿಲು ಜಾರುತ್ತದೆ.

ಸಿಕ್ಕಿದ ಅಂಕಿಯನ್ನು ಮೂರು ಕಡೆ ಒಂದೇ ತರಹ ಬರೆಯಿರಿ: ಎಐಗೆ, ನೀವು ಆರಿಸಿದ ಕ್ಯಾಲೆಂಡರ್‌ಗೆ, ವಾಚಿಗೆ. ಸೈಕಲ್ ಸವಾರರಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಅಲ್ಲಿ ವರ್ಕೌಟ್ ಸಾಮಾನ್ಯವಾಗಿ ಎಫ್‌ಟಿಪಿಯ ಶೇಕಡಾವಾರಿನಲ್ಲಿ ಇರುತ್ತದೆ. ಎಐಗೆ 250 ವಾಟ್ ಅಂತ ಹೇಳಿದ್ದೀರಿ, ಆ್ಯಪ್‌ನಲ್ಲಿ ಹಳೆಯ 220 ಉಳಿದಿದೆ ಅಂದುಕೊಳ್ಳಿ. ಶೇ 90ರ ಇಂಟರ್ವಲ್ 225 ವಾಟ್‌ಗೆ ಬರಬೇಕಿದ್ದದ್ದು 198ಕ್ಕೆ ಬರುತ್ತದೆ. ವಾಚ್ ಎಲ್ಲವೂ ಸರಿ ಅಂತಲೇ ಹೇಳುತ್ತಿರುತ್ತದೆ.

ಹೆಜ್ಜೆ 4: ಲೆಕ್ಕ ಪರೀಕ್ಷಿಸಿ

ಎಐಗೆ ಭಾಷೆ ಚೆನ್ನಾಗಿ ಬರುತ್ತದೆ, ಕೂಡುವ ಲೆಕ್ಕ ಕೆಲವೊಮ್ಮೆ ತಪ್ಪುತ್ತದೆ. ವಾರದ ಒಟ್ಟು 48 ಕಿಲೋಮೀಟರ್ ಅಂತ ಬರೆದಿದ್ದರೆ ದಿನದ ಓಟಗಳನ್ನು ನೀವೇ ಕೂಡಿ ನೋಡಿ. ದಿನಾಂಕ ಮತ್ತು ವಾರದ ದಿನ ಹೊಂದುತ್ತವಾ ನೋಡಿ. ರೇಸಿನ ದಿನದಿಂದ ಹಿಂದಕ್ಕೆ ಎಣಿಸಿ, ಕೊನೆಯ ಎರಡು-ಮೂರು ವಾರ ಎಐ ಓಟ ಕಡಿಮೆ ಮಾಡಿದೆಯಾ ಅಂತಲೂ ಗಮನಿಸಿ.

ಪೇಸ್ ಪರೀಕ್ಷೆ ಸುಲಭ. 3 ಗಂಟೆ 45 ನಿಮಿಷದ ಮ್ಯಾರಥಾನ್ ಅಂದರೆ 225 ನಿಮಿಷ. 42.195ರಿಂದ ಭಾಗಿಸಿದರೆ 5.33. ಇದು 5 ನಿಮಿಷ 33 ಸೆಕೆಂಡ್ ಅಲ್ಲ, 5 ನಿಮಿಷ 20 ಸೆಕೆಂಡ್. ಈ ದಶಾಂಶದ ಗೊಂದಲ ಎಐ ಕೋಷ್ಟಕದಲ್ಲೂ ನುಸುಳುತ್ತದೆ, ಸ್ಪ್ರೆಡ್‌ಶೀಟ್‌ನಲ್ಲೂ ನುಸುಳುತ್ತದೆ. 5:30 ಅಂತ ಟೈಪ್ ಮಾಡಿದರೆ ಸ್ಪ್ರೆಡ್‌ಶೀಟ್ ಅದನ್ನು ಬೆಳಗಿನ ಐದೂವರೆ ಗಂಟೆ ಅಂದುಕೊಳ್ಳುತ್ತದೆ. ಪೇಸ್ ಇರುವ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಡಿ.

ಹೆಜ್ಜೆ 5: ತುಂಬಿಸಿ

ವಾರಕ್ಕೆ ಎರಡೇ ಗಟ್ಟಿ ವರ್ಕೌಟ್ ಇದ್ದರೆ ಕೈಯಲ್ಲೇ ಕಟ್ಟಿಬಿಡಿ. ನನ್ನ ಪ್ರಕಾರ ಹೆಚ್ಚಿನವರಿಗೆ ಇದೇ ಒಳ್ಳೆಯದು. ಗಾರ್ಮಿನ್ ಕನೆಕ್ಟ್‌ನಲ್ಲಿ ಹೊಸ ವರ್ಕೌಟ್ ತೆರೆದು ಹಂತ ಸೇರಿಸಿ, ಪುನರಾವರ್ತನೆ ಹಾಕಿ, ಉಳಿಸಿ, ಕ್ಯಾಲೆಂಡರ್‌ನ ದಿನಕ್ಕೆ ಇಟ್ಟು ಸಿಂಕ್ ಮಾಡಿ. ಆರಾಮದ ಓಟಕ್ಕೆ ವರ್ಕೌಟ್ ಕಟ್ಟುವ ಅಗತ್ಯವೇ ಇಲ್ಲ, ಹಾಗೇ ಓಡಿ.

ಟೈಪ್ ಮಾಡಿದ ಸಾಲುಗಳನ್ನೇ ವರ್ಕೌಟ್ ಮಾಡಿಕೊಳ್ಳುವ ಸೌಲಭ್ಯ ಇಂಟರ್ವಲ್ಸ್ ಡಾಟ್ ಐಸಿಯುನಲ್ಲಿದೆ. ಅದರ ಬರವಣಿಗೆಯ ಕ್ರಮವನ್ನು ಎಐಗೆ ಒಂದು ಉದಾಹರಣೆ ಕೊಟ್ಟು ತೋರಿಸಿದರೆ ಹಾಗೇ ಬರೆದುಕೊಡುತ್ತದೆ, ನೀವು ಅಂಟಿಸಿದರೆ ಆಯಿತು. ಒಂದು ಎಚ್ಚರಿಕೆ. ಅಲ್ಲಿ ಅಂಕಿಯ ನಂತರ ‘ಎಂ’ (m) ಅಕ್ಷರ ಮಾತ್ರ ಹಾಕಿದರೆ ಅದು ನಿಮಿಷ. ಮೀಟರಿಗೆ ‘ಎಂಟಿಆರ್’ (mtr) ಅಂತ ಹಾಕಬೇಕು. ಎಐ ರೂಢಿಯಂತೆ 400ರ ನಂತರ ‘ಎಂ’ ಹಾಕಿದರೆ, ಟ್ರ್ಯಾಕಿನ ಒಂದು ಸುತ್ತು 400 ನಿಮಿಷದ ಇಂಟರ್ವಲ್ ಆಗಿಬಿಡುತ್ತದೆ. ಅಂಟಿಸಿದ ತಕ್ಷಣ ಮೂಡುವ ಚಿತ್ರ ಮತ್ತು ಒಟ್ಟು ಸಮಯ ನೋಡಿದರೆ ಇಂಥದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ತುಂಬಿಸುವ ಮೂರನೆಯ ದಾರಿ ಫೈಲ್. ಮನೆಯೊಳಗೆ ಸೈಕಲ್ ತುಳಿಯುವವರ ಆ್ಯಪ್ ಝ್ವಿಫ್ಟ್‌ನ ವರ್ಕೌಟ್ ಫೈಲ್ ಎಕ್ಸ್‌ಎಂಎಲ್ ಬರಹವಾದ್ದರಿಂದ ಎಐ ಅದನ್ನು ನೇರವಾಗಿ ಬರೆಯಬಲ್ಲದು. ಕಂಪ್ಯೂಟರಿನ ಡಾಕ್ಯುಮೆಂಟ್ಸ್ ಒಳಗಿನ ಝ್ವಿಫ್ಟ್ ಫೋಲ್ಡರ್‌ನಲ್ಲಿ ವರ್ಕೌಟ್ಸ್, ಅದರೊಳಗೆ ನಿಮ್ಮ ನಂಬರಿನ ಫೋಲ್ಡರ್, ಅಲ್ಲಿ ಹಾಕಬೇಕು. ಆ ಫೈಲ್‌ನಲ್ಲಿ ಎಫ್‌ಟಿಪಿಯ ಶೇ 75 ಅನ್ನು 0.75 ಎಂದು ಬರೆಯುತ್ತಾರೆ. 75 ಅಂತಲೇ ಬಿಟ್ಟರೆ ಎಫ್‌ಟಿಪಿಯ 75 ಪಟ್ಟು ತುಳಿಯಬೇಕಾಗುತ್ತದೆ! ವಾಚುಗಳು ಬಳಸುವ ಫಿಟ್ ಫೈಲ್‌ನ ಕಥೆ ಬೇರೆ. ಅದು ಬೈನರಿ, ಅಂದರೆ ಓದುವ ಬರಹವಲ್ಲ. ಎಐ ಬರೀ ಬರಹ ಕೊಟ್ಟು ‘ಫಿಟ್ ಅಂತ ಸೇವ್ ಮಾಡಿ’ ಅಂದರೆ ನಂಬಬೇಡಿ. ಕೋಡ್ ಓಡಿಸಿ ನಿಜವಾದ ಫೈಲ್ ತಯಾರಿಸಿ ಕೊಟ್ಟರೆ ಮಾತ್ರ ಸರಿ. ಕೇಬಲ್‌ನಿಂದ ಜೋಡಿಸಬಹುದಾದ ಗಾರ್ಮಿನ್ ಸಾಧನಗಳಲ್ಲಿ ಅದನ್ನು ಗಾರ್ಮಿನ್ ಫೋಲ್ಡರ್ ಒಳಗಿನ ನ್ಯೂಫೈಲ್ಸ್‌ಗೆ ಹಾಕಬೇಕು.

ಎಐ ಕೊಡುವ ಕ್ಯಾಲೆಂಡರ್ ಫೈಲ್ ಅಂದರೆ ಐಸಿಎಸ್ ಬರೀ ನೆನಪೋಲೆ. ಫೋನಿನ ಕ್ಯಾಲೆಂಡರ್‌ನಲ್ಲಿ ‘ಇವತ್ತು ಟೆಂಪೋ’ ಅಂತ ತೋರಿಸುತ್ತದೆ, ಅಷ್ಟೇ.

ಹೆಜ್ಜೆ 6: ಹತ್ತು ನಿಮಿಷದ ಪರೀಕ್ಷೆ

ಮೂರು ಚಿಕ್ಕ ಹಂತಗಳ ಒಂದು ವರ್ಕೌಟ್ ಕಳಿಸಿ, ಮನೆ ಮುಂದೆಯೇ ಓಡಿ ನೋಡಿ. ಹಂತ ಬದಲಾಗುವಾಗ ವಾಚ್ ಹೇಳಿತಾ? ಗುರಿ ಸರಿ ಇತ್ತಾ? ಓಟ ಮುಗಿದ ಮೇಲೆ ಕ್ಯಾಲೆಂಡರ್‌ನಲ್ಲಿ ಆ ದಿನದ ಪ್ಲಾನಿಗೆ ಅದು ಅಂಟಿಕೊಂಡಿತಾ?

ಹೆಜ್ಜೆ 7: ವಾರಕ್ಕೊಮ್ಮೆ ಮಾತ್ರ ಕಳಿಸಿ

12 ವಾರವನ್ನೂ ಒಂದೇ ಸಲ ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಮೂರನೇ ವಾರ ಜ್ವರ ಬಂದರೆ ಉಳಿದ ಒಂಬತ್ತು ವಾರ ಕೈಯಾರೆ ಅಳಿಸುತ್ತಾ ಕೂರಬೇಕು. ಟ್ರೈನಿಂಗ್ ಸೇವೆಗಳಲ್ಲೂ ಹಲವು ಮುಂದಿನ ಕೆಲವೇ ದಿನಗಳ ವರ್ಕೌಟನ್ನು ಸಾಧನಕ್ಕೆ ಕಳಿಸುತ್ತವೆ. ಹಾಗಾಗಿ ಒಟ್ಟು ಪ್ಲಾನ್ ಚಾಟ್‌ನಲ್ಲಿರಲಿ, ವಾಚಿನಲ್ಲಿ ಒಂದು ವಾರದ್ದು ಇರಲಿ.

ವಾರದ ಕೊನೆಯಲ್ಲಿ ಎಐಗೆ ಆದದ್ದನ್ನು ತಿಳಿಸಿ: ಪ್ಲಾನ್ ಎಷ್ಟಿತ್ತು, ಎಷ್ಟು ಓಡಿದಿರಿ, ಸರಾಸರಿ ಬಡಿತ, ಶ್ರಮ 10ಕ್ಕೆ ಎಷ್ಟು, ನಿದ್ದೆ, ಎಲ್ಲಾದರೂ ನೋವು. ಐದಾರು ಸಾಲು ಸಾಕು. ನೋವಿನ ವಿಷಯ ಮುಚ್ಚಿಟ್ಟರೆ ಎಐ ಮುಂದಿನ ವಾರ ಇನ್ನೂ ಐದು ಕಿಲೋಮೀಟರ್ ಸೇರಿಸುತ್ತದೆ, ಅದಕ್ಕೇನು ಗೊತ್ತು ಅಲ್ವಾ?

ಸ್ಟ್ರಾವಾವನ್ನೇ ನೇರವಾಗಿ ಎಐಗೆ ಜೋಡಿಸಬಹುದಲ್ಲ ಅಂತ ಕೇಳುವವರಿದ್ದಾರೆ. 2024ರ ನವೆಂಬರ್‌ನಲ್ಲಿ ಸ್ಟ್ರಾವಾ ತನ್ನ ಎಪಿಐ (ಬೇರೆ ಆ್ಯಪ್‌ಗಳು ಅದರ ಡೇಟಾ ಪಡೆಯುವ ದಾರಿ) ನಿಯಮ ಬದಲಿಸಿತು. ಎಪಿಐ ಮೂಲಕ ಪಡೆದ ಡೇಟಾವನ್ನು ಎಐ ಮಾಡೆಲ್‌ಗಳಿಗೆ ಬಳಸಬಾರದು ಎಂದು ಬೇರೆ ಆ್ಯಪ್‌ಗಳಿಗೆ ಹೇಳಿತು. ನಿಮ್ಮದೇ ದಾಖಲೆಗಳನ್ನು ನಿಮ್ಮ ಖಾತೆಯಿಂದ ಡೌನ್‌ಲೋಡ್ ಮಾಡಿಕೊಳ್ಳುವ ಅವಕಾಶ ಇದ್ದೇ ಇದೆ. ಆದರೆ ಆ ಫೈಲನ್ನು ಹಾಗೇ ಚಾಟ್‌ಗೆ ಹಾಕಬೇಡಿ. ಜಿಪಿಎಸ್ ದಾಖಲೆಯ ಮೊದಲ ಬಿಂದು ಸಾಮಾನ್ಯವಾಗಿ ನಿಮ್ಮ ಮನೆ ಬಾಗಿಲು.

ಹೆಜ್ಜೆ 8: ಒಂದೇ ಓಟ ಎರಡು ಸಲ ಬರದಂತೆ ನೋಡಿ

ವಾಚಿನ ಆ್ಯಪ್‌ನಿಂದ ಕ್ಯಾಲೆಂಡರ್‌ಗೆ ನೇರವಾಗಿ ಒಂದು ಸಲ, ಫೋನಿನ ಆರೋಗ್ಯ ಆ್ಯಪ್ ಸುತ್ತಿಕೊಂಡು ಇನ್ನೊಂದು ಸಲ, ಹೀಗೆ ಒಂದೇ ಓಟ ಎರಡು ದಾರಿಯಲ್ಲಿ ಬಂದು ಸೇರಬಹುದು. ಆಗ ವಾರದ ಕಿಲೋಮೀಟರ್ ಸುಳ್ಳೇ ಏರುತ್ತದೆ, ಅದನ್ನು ನೋಡಿದ ಎಐ ನಿಮಗೆ ವಿಶ್ರಾಂತಿ ಕೊಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಜೋಡಿಸಿದ ಆ್ಯಪ್‌ಗಳ ಪಟ್ಟಿ ತೆರೆದು, ಬರುವ ದಾರಿ ಒಂದೇ ಇರುವಂತೆ ಮಾಡಿ. ರೇಸ್ ಮುಗಿದ ಮೇಲೂ ಅದೇ ಪಟ್ಟಿಗೆ ಹೋಗಿ, ಬಳಸದ ಆ್ಯಪ್‌ಗಳ ಅನುಮತಿ ತೆಗೆದುಹಾಕಿ. ಕ್ಯಾಲೆಂಡರ್‌ನಲ್ಲಿ ಉಳಿದ ಹಳೆಯ ವರ್ಕೌಟ್‌ಗಳನ್ನೂ ಅಳಿಸಿದ ಮೇಲೆಯೇ ಹೊಸ ಪ್ಲಾನ್ ಹಾಕಿ.