ಹಬ್ಬದ ದಿನ ಹಿರಿಯರನ್ನ ರಶ್ ಇರೋ ಹೋಟೆಲ್‌ಗೆ ಕರ್ಕೊಂಡು ಹೋಗೋದು ಹೇಗೆ?

ತುಮಕೂರಿನ ಅಂಚಲ್ಲಿರೋ ನಮ್ಮ ಬಡಾವಣೇಲಿ ಇರೋರೆಲ್ಲ ರಿಟೈರ್ ಆದೋರೇ. ಮೇಷ್ಟ್ರುಗಳು, ಕೆಇಬಿಲಿದ್ದೋರು, ಬ್ಯಾಂಕಿನೋರು, ನಾನು 31 ವರ್ಷ ನರ್ಸ್ ಆಗಿದ್ದೋಳು. ಮಕ್ಕಳೆಲ್ಲ ಬೆಂಗ್ಳೂರು, ಪುಣೆ, ಇನ್ನೂ ದೂರ. ಹಬ್ಬ ಬಂತು ಅಂದ್ರೆ ಇಬ್ಬರೇ ಇರೋ ಮನೇಲಿ ಹೂರಣ ರುಬ್ಬಿ ಒಬ್ಬಟ್ಟು ತಟ್ಟೋಕೆ ಯಾರಿಗೂ ಕೈಲಾಗಲ್ಲ, ಅದಕ್ಕೆ ಎಲ್ಲರೂ ಸೇರಿ ಹೋಟೆಲ್ ಊಟಕ್ಕೆ ಹೋಗೋದು ರೂಢಿ ಆಗಿದೆ. ಒಳ್ಳೇ ರೂಢಿ. ಆದ್ರೆ ಹೋಗೋ ರೀತಿ ಸರಿ ಇಲ್ಲ.

ಹೋದ ದೀಪಾವಳಿಗೆ ಯಾರೂ ಮೊದಲೇ ಹೇಳದೆ 14 ಜನ ಮಧ್ಯಾಹ್ನ ಒಂದು ಗಂಟೆಗೆ ಹೋಗಿ ಬಾಗಿಲಲ್ಲಿ ನಿಂತ್ವಿ. ಒಂದೂಕಾಲು ಗಂಟೆ ನಿಂತ್ವಿ. ನಮ್ಮ ಪಕ್ಕದ ಮನೆ ರಾಯರು ಹೋಟೆಲ್‌ಗೆ ಹೋದ ತಕ್ಷಣ ಊಟ ಸಿಗತ್ತೆ ಅಂತ ಇನ್ಸುಲಿನ್ ಮನೇಲೇ ಹಾಕ್ಕೊಂಡು ಬಂದುಬಿಟ್ಟಿದ್ರು. ಕೈ ತೊಳೆಯೋ ಬೇಸಿನ್ ಪಕ್ಕ ಗೋಡೆಗೆ ಒರಗಿ ನಿಂತಿದ್ರು, ಅಂಗಿ ಕಾಲರ್ ಪೂರ್ತಿ ಒದ್ದೆ, "ರಾಯರೇ" ಅಂದ್ರೆ ನನ್ನ ಮುಖಾನೇ ನೋಡ್ತಾರೆ, ಗುರುತು ಹತ್ತಲಿಲ್ಲ. ಆವತ್ತಿಂದ ನಮ್ಮ ಗುಂಪಿನ ಹೋಟೆಲ್ ಏರ್ಪಾಡು ನಾನೇ ನೋಡ್ಕೊಳ್ತಿದ್ದೀನಿ. ಹೇಗೆ ಮಾಡ್ತೀನಿ ಅಂತ ಬರೀತೀನಿ, ಬೇರೆ ಬಡಾವಣೆಯವರಿಗೂ ಉಪಯೋಗಕ್ಕೆ ಬರಲಿ.

ಮೊದಲು ದಿನ ಮತ್ತೆ ಟೈಮು. ಎಲ್ಲಾ ರಜೆಯ ರಶ್ಶೂ ಒಂದೇ ಥರ ಇರಲ್ಲ. ಯುಗಾದಿಗೆ ಅಡುಗೆಯವರು, ಸಪ್ಲೈಯರ್‌ಗಳು ಊರಿಗೆ ಹೋಗ್ತಾರೆ, ಕೆಲವು ಹೋಟೆಲ್ ಬಾಗಿಲೇ ಹಾಕಿರ್ತಾರೆ, ತೆಗೆದಿರೋ ನಾಕಾರರ ಮೇಲೆ ಊರೆಲ್ಲ ಬೀಳತ್ತೆ. ಆಯುಧಪೂಜೆ ದಿನ ಪೂಜೆ ಮುಗಿದ ಮೇಲೆ ಅಡುಗೆಮನೆ ನಡೆಯತ್ತೋ ಇಲ್ವೋ ಕೇಳಿಕೊಂಡೇ ಹೊರಡಿ. ಯುಗಾದಿ ಮಾರನೇ ದಿನ ಹೊಸತೊಡಕು, ಬಾಡೂಟದ ದಿನ, ಮಿಲಿಟರಿ ಹೋಟೆಲ್ ಮುಂದೆ ಹನ್ನೊಂದೂವರೆಗೇ ಜನ ನಿಂತಿರ್ತಾರೆ. ಲಾಂಗ್ ವೀಕೆಂಡ್ ಬಂದ್ರೆ ಬೆಂಗ್ಳೂರು ಬರೀ 70 ಕಿಲೋಮೀಟರು, ದೇವರಾಯನದುರ್ಗ, ಸಿದ್ಧಗಂಗೆ ಅಂತ ಹೊರಟ ಕಾರುಗಳೆಲ್ಲ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲತ್ತೆ. ಅವತ್ತು ತಿಂಡಿಗೆ ಹೋಗೋದಾದ್ರೆ ಏಳೂವರೆ ಒಳಗೆ ಹೋಗಿ, ಇಲ್ದಿದ್ರೆ ಬಿಟ್ಟುಬಿಡಿ. ಶಿವರಾತ್ರಿಗೆ ಸಿದ್ಧಗಂಗೆ ಮಠದ ಜಾತ್ರೆ ಇರತ್ತೆ, ಆ ಕಡೆ ರಸ್ತೇಲಿ ಹಿರಿಯರನ್ನ ಕೂರಿಸಿಕೊಂಡು ಸಿಕ್ಕಿಹಾಕ್ಕೋಬೇಡಿ.

ಊಟಕ್ಕಾದ್ರೆ ಸರಿಯಾಗಿ 12 ಗಂಟೆ. ಹನ್ನೆರಡೂವರೆ ಅಲ್ಲ. ಮೊದಲನೇ ಪಂಕ್ತೀಲಿ ಪಲ್ಯ ಬಿಸಿ ಇರತ್ತೆ, ನೆಲ ಒಣಗಿರತ್ತೆ, ಬಡಿಸೋ ಹುಡುಗರಿಗೂ ಇನ್ನೂ ಸುಸ್ತಾಗಿರಲ್ಲ. ರಾತ್ರಿ ಊಟಕ್ಕೆ ನಾನು ಯಾರನ್ನೂ ಕರ್ಕೊಂಡು ಹೋಗಲ್ಲ, ಕತ್ತಲಲ್ಲಿ ಮೆಟ್ಟಿಲು ಇಳಿಯೋದು ಬೇಡವೇ ಬೇಡ.

ಹೋಟೆಲ್ ಆರಿಸೋವಾಗ ರುಚಿ ಆಮೇಲೆ, ಮೊದಲು ಮೆಟ್ಟಿಲು ನೋಡಿ. ಹಿಡ್ಕೊಳ್ಳೋಕೆ ಕಂಬಿ ಇಲ್ದಿರೋ ಮೂರು ಮೆಟ್ಟಿಲಿದ್ರೂ ಆ ಹೋಟೆಲ್ ಬೇಡ. ಬಾತ್‌ರೂಮಲ್ಲಿ ಕಮೋಡ್ ಇದ್ಯಾ, ಚಿಲಕ ಸರಿಯಾಗಿ ಬೀಳತ್ತಾ ಅಂತ ನೀವೇ ಹಿಂದಿನ ದಿನ ಹೋಗಿ ನೋಡಿ ಬನ್ನಿ, ಫೋನಲ್ಲಿ ಕೇಳಿದ್ರೆ ಎಲ್ಲರೂ "ಇದೆ ಮೇಡಂ" ಅಂತಾನೇ ಹೇಳೋದು. ದರ್ಶಿನಿ ಬೇಡ, ಟೋಕನ್‌ಗೆ ಒಂದು ಕ್ಯೂ, ತಟ್ಟೆಗೆ ಇನ್ನೊಂದು ಕ್ಯೂ, ತಿನ್ನೋದೂ ನಿಂತ್ಕೊಂಡೇ. ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಆದ್ರೂ ಎಸಿ ಹಾಲ್‌ಗೇ ಹೋಗಿ. ಅಲ್ಲಿ ತಟ್ಟೆ ಲೋಟದ ಸದ್ದು ಕಮ್ಮಿ, ಕಿವಿಗೆ ಮಿಷಿನ್ ಹಾಕ್ಕೊಂಡಿರೋರಿಗೆ ಪಕ್ಕದೋರ ಮಾತು ಕೇಳಿಸತ್ತೆ, ಹಬ್ಬದ ದಿನ ಜೊತೇಲಿ ಕೂತು ಮಾತಾಡೋಕೇ ಅಲ್ವಾ ಹೋಗೋದು.

ಫೋನು ಎರಡು ದಿನ ಮುಂಚೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮಾಡಿ. ತಿಂಡಿ ರಶ್ ಮುಗಿದು ಊಟ ಶುರುವಾಗೋ ಮುಂಚೆ ಮಾತಾಡೋಕೆ ಪುರುಸೊತ್ತು ಇರೋದು ಆಗ ಮಾತ್ರ. ಸೂಪರ್‌ವೈಸರ್‌ನೇ ಕೇಳಿ ಮಾತಾಡಿ, ಹೆಸರು ಬರ್ಕೊಳ್ಳಿ. ನಾನು ಹೇಳೋದು ಇಷ್ಟೇ, "ಅಣ್ಣ, ಎಲ್ಲಾ ವಯಸ್ಸಾದೋರು, ಆರಾರು ಜನದ ಎರಡು ಟೇಬಲ್ ಸಾಕು, 12ಕ್ಕೆ ಬರ್ತೀವಿ, ಒಂದಕ್ಕೆ ಎದ್ದುಬಿಡ್ತೀವಿ." ಆ ಕೊನೇ ಮಾತಿಗೇ ಟೇಬಲ್ ಸಿಗೋದು, ಯಾಕಂದ್ರೆ ಹಬ್ಬದ ದಿನ ಅವರಿಗೆ ಇರೋ ಭಯ ಒಂದೇ, ದೊಡ್ಡ ಗುಂಪು ಕೂತ್ರೆ ಏಳಲ್ಲ ಅಂತ. ಒಂದೇ ಕಡೆ ಹನ್ನೆರಡು ಕುರ್ಚಿ ಕೇಳಬೇಡಿ, ಅಷ್ಟು ಕುರ್ಚಿ ಒಟ್ಟಿಗೆ ಖಾಲಿ ಆಗೋದೇ ಇಲ್ಲ. ಆ್ಯಪಲ್ಲಿ ಬುಕ್ ಮಾಡಿ ನಂಬ್ಕೊಂಡು ಹೋಗಬೇಡಿ. ನಮ್ಮ ಮೊಬೈಲಲ್ಲಿ ಬುಕ್ ಆಗಿದೆ ಅಂತ ಬಂದಿದ್ರೂ ಗಲ್ಲಾದಲ್ಲಿ ಕೂತೋರಿಗೆ ವಿಷಯಾನೇ ಗೊತ್ತಿರದೆ ಇದ್ದಿದ್ದು ನಾನೇ ನೋಡಿದ್ದೀನಿ. ದುಡ್ಡು ಹಿಂದಿನ ದಿನವೇ ಒಬ್ಬರ ಹತ್ರ ಸೇರಿಸಿಡಿ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಬಾಗಿಲಿಂದ ಎಲೆ ತನಕ ಇರೋ ಆ ಅರ್ಧ ಗಂಟೆ. ಎಲ್ಲರೂ ಎಡವೋದು ಇಲ್ಲೇ.

ಶುಗರ್ ಇರೋರು ಊಟದ ಹೊತ್ತಿನ ಇನ್ಸುಲಿನ್ ಮನೇಲಿ ಹಾಕ್ಕೊಂಡು ಹೊರಡಬಾರದು. ಕೆಲವು ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮುಂಚೆ ಹಾಕ್ಕೊಳ್ಳೋದು, ಕೆಲವು ಊಟಕ್ಕೆ ಕೂತಾಗ ಹಾಕ್ಕೊಳ್ಳೋದು, ನಿಮ್ಮದು ಯಾವುದು, ಹೋಟೆಲ್‌ಗೆ ಹೋದಾಗ ಹೇಗೆ ಅಂತ ಡಾಕ್ಟರ್‌ನ ಮೊದಲೇ ಕೇಳಿಟ್ಕೊಳ್ಳಿ. ಗ್ಲಿಮಿಪಿರೈಡ್ ಥರ ಮಾತ್ರೆ ತಗೊಳ್ಳೋರೂ ಅಷ್ಟೇ ಹುಷಾರಾಗಿರಬೇಕು, ಊಟ ತಡ ಆದ್ರೆ ಶುಗರ್ ಇಳಿಯತ್ತೆ. ಬರೀ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಆ ಭಯ ತುಂಬಾ ಕಮ್ಮಿ. ಇನ್ಸುಲಿನ್ ಪೆನ್ನು ಬ್ಯಾಗಲ್ಲಿರಲಿ, ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಿ ಬಿಟ್ಟು ಬರಬೇಡಿ, ಕಾವಿಗೆ ಇನ್ಸುಲಿನ್ ಕೆಟ್ಟುಹೋಗತ್ತೆ. ನಮ್ಮ ಗುಂಪಲ್ಲಿ ಊಟದ ಹೊತ್ತಿಗೆ ಹಾಕ್ಕೊಳ್ಳೋ ಇನ್ಸುಲಿನ್ ಇರೋರು ಎಲೆ ಮುಂದೆ ಬಂದಮೇಲೇ ಹಾಕ್ಕೊಳ್ತಾರೆ.

ಶುಗರ್ ಇಳಿದ್ರೆ ಬೆವರು, ಕೈ ನಡುಕ, ಮಾತು ತೊದಲೋದು, ಇದ್ದಕ್ಕಿದ್ದಂಗೆ ಸಿಡುಕೋದು. ಶುಗರ್ ನೋಡೋ ಮಿಷಿನಲ್ಲಿ 70ಕ್ಕಿಂತ ಕೆಳಗೆ ಬಂದ್ರೆ ತಡ ಮಾಡಬೇಡಿ, ಮಿಷಿನ್ ಇಲ್ದಿದ್ರೂ ಕಾಯಬೇಡಿ. ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ನೋಡಿ, ಏರಿಲ್ಲ ಅಂದ್ರೆ ಇನ್ನೊಂದು ಸಲ ಕೊಡಿ. ದೀಪಾವಳಿ ದಿನ ರಾಯರಿಗೆ ಯಾರೋ ಮೈಸೂರ್ ಪಾಕ್ ತಂದು ಬಾಯಿಗಿಡೋಕೆ ಹೋದ್ರು. ಪ್ರೀತಿಯಿಂದಾನೇ ತಂದಿದ್ದು, ಆದ್ರೆ ಅದರಲ್ಲಿರೋ ತುಪ್ಪ ಸಕ್ಕರೆನ ಬೇಗ ರಕ್ತಕ್ಕೆ ಸೇರೋಕೆ ಬಿಡಲ್ಲ. ನಾನು ಕಾಫಿ ಕೌಂಟರಿಗೆ ಓಡಿ ಸಕ್ಕರೆ ಇಸ್ಕೊಂಡು ಬಂದೆ, ಲೋಟ ಹಿಡಿಯೋಕೆ ಅವರ ಕೈಯಲ್ಲಿ ಆಗಲಿಲ್ಲ, ನಾನೇ ಕುಡಿಸಿದೆ, ಹತ್ತು ಹದಿನೈದು ನಿಮಿಷಕ್ಕೆ "ಏನಮ್ಮಾ, ಎಲೆ ಹಾಕಿದ್ರಾ" ಅಂತ ಕೇಳಿದ್ರು. ಎಚ್ಚರ ತಪ್ಪಿದ್ರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ಉಸಿರಿಗೆ ಅಡ್ಡ ಬರತ್ತೆ, ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಶುಗರ್‌ಫ್ರೀ ಚಾಕ್ಲೇಟು ಜೇಬಲ್ಲಿ ಇಟ್ಕೊಂಡು ಧೈರ್ಯವಾಗಿರೋರು ಇದ್ದಾರೆ, ಈ ಹೊತ್ತಲ್ಲಿ ಅದರಿಂದ ಉಪಯೋಗ ಇಲ್ಲ. ಗ್ಲೂಕೋಸ್ ಪುಡಿ ಇಟ್ಕೊಳ್ಳಿ.

ಇನ್ನು ಕುರ್ಚಿ. ಎಲ್ಲರೂ ಒಟ್ಟಿಗೆ ಒಳಗೆ ನುಗ್ಗೋದು, ಉಣ್ತಿರೋರ ಕುರ್ಚಿ ಹಿಂದೆ ಒಬ್ಬೊಬ್ರು ನಿಂತ್ಕೊಳ್ಳೋದು ನಮ್ಮೂರಲ್ಲಿ ಮಾಮೂಲು. ಅದು ಉಣ್ಣೋರಿಗೂ ಕಷ್ಟ, ನಿಲ್ಲೋ ಮಂಡಿಗೂ ಕಷ್ಟ, ಬಿಸಿ ಸಾಂಬಾರ್ ಬಕೆಟ್ ಹಿಡ್ಕೊಂಡು ಓಡಾಡೋ ಹುಡುಗನಿಗೆ ದಾರೀನೇ ಇರಲ್ಲ. ನಾವು ಹೀಗೆ ಮಾಡ್ತೀವಿ: ಗುಂಪಲ್ಲಿ ಗಟ್ಟಿಯಾಗಿರೋ ಇಬ್ಬರು ಆಟೋದಲ್ಲಿ ಹದಿನೈದು ನಿಮಿಷ ಮುಂಚೆ ಹೋಗ್ತಾರೆ, ಸೂಪರ್‌ವೈಸರ್ ಮುಂದೆ ನಿಂತು ಫೋನ್ ಮಾಡಿದ ವಿಷಯ ಜ್ಞಾಪಿಸ್ತಾರೆ, ಟೇಬಲ್ ಒರೆಸಿಸಿ ಎರಡೂ ತುದೀಲಿ ಒಬ್ಬೊಬ್ಬರು ಕೂತ್ಕೊಳ್ತಾರೆ, ಆಮೇಲೆ ಫೋನ್ ಮಾಡ್ತಾರೆ. ಉಳಿದೋರು ಆಗ ಮನೆ ಬಿಡ್ತಾರೆ. ತಡ ಆಗತ್ತೆ ಅಂದ್ರೆ ಅಲ್ಲಿ ನಿಲ್ಲೋ ಬದಲು ಮನೇಲೇ ಕುರ್ಚಿ ಮೇಲೆ ಕೂತು ಎರಡು ಮಾರಿ ಬಿಸ್ಕೆಟ್ ತಿಂದು ಕಾಯಲಿ. ಆನ್‌ಲೈನಲ್ಲಿ ಬರೋ ಮೂರು ಕಾಲಿನ ಮಡಚೋ ಸ್ಟೂಲು ತರಿಸಿದ್ವಿ, ದುಡ್ಡು ದಂಡ, ಒದ್ದೆ ಗ್ರಾನೈಟ್ ಮೇಲೆ ಜಾರತ್ತೆ, ತಗೋಬೇಡಿ.

ಕೂರಿಸೋದರಲ್ಲೂ ಯೋಚನೆ ಬೇಕು. ಮಂಡಿ ನೋವಿರೋರು ಹೊರಗಡೆ ತುದಿಗೆ, ಗೋಡೆ ಪಕ್ಕ ತಳ್ಳಿದ್ರೆ ಎದ್ದು ಬರೋಕೆ ಐದು ಜನ ಏಳಬೇಕು. ಕಿವಿ ಕಮ್ಮಿ ಇರೋರು ಗೋಡೆಗೆ ಬೆನ್ನು ಹಾಕಿ, ಚೆನ್ನಾಗಿ ಕೇಳೋ ಕಿವಿ ನಮ್ಮ ಕಡೆ. ಪದೇ ಪದೇ ಎದ್ದು ಹೋಗಬೇಕಾದೋರು ಬಾತ್‌ರೂಮ್ ಕಡೆ. ಗಂಡ ಹೆಂಡತಿ ಪಕ್ಕಪಕ್ಕದಲ್ಲೇ, ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಗೊತ್ತಿರತ್ತೆ.

ಆರ್ಡರ್ ಒಬ್ಬರೇ ಹೇಳಬೇಕು, ಒಂದೇ ಸಲ ಹೇಳಬೇಕು. ಹನ್ನೆರಡು ಜನ ಹನ್ನೆರಡು ಥರ ಕೇಳಿದ್ರೆ ರಶ್ ಟೈಮಲ್ಲಿ ಹುಡುಗ ತಿರುಗಿ ಬರಲ್ಲ, ತಪ್ಪು ಅವನದ್ದಲ್ಲ. ಎಲ್ಲರಿಗೂ ಹಬ್ಬದ ಊಟ, ಹಲ್ಲಿಲ್ಲದೋರಿಗೆ ಪೂರಿ ಬದಲು ಅನ್ನ ಜಾಸ್ತಿ, ಅಷ್ಟೇ. ಕೋಸಂಬರಿ, ಪಲ್ಯ ಬಂದ ಕೂಡಲೇ ಅನ್ನಕ್ಕೆ ಕಾಯದೆ ತಿನ್ನೋಕೆ ಶುರು ಮಾಡಿಸಿ.

ಬಿಲ್ ಕನ್ನಡಕ ಹಾಕ್ಕೊಂಡು ಓದಿ. ಮಾಮೂಲಿ ಹೋಟೆಲಲ್ಲಿ ಜಿಎಸ್‌ಟಿ 5 ಪರ್ಸೆಂಟ್. ಕಾಂಪೊಸಿಷನ್ ಸ್ಕೀಮಲ್ಲಿರೋ, ಅಂದ್ರೆ ಒಟ್ಟು ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟೋ ಸಣ್ಣ ಹೋಟೆಲ್‌ನೋರು ಬಿಲ್ ಮೇಲೆ ತೆರಿಗೆ ಹಾಕೋ ಹಂಗೇ ಇಲ್ಲ. ಸರ್ವಿಸ್ ಚಾರ್ಜ್ ಅಂತ ಕೇಳದೆ ಸೇರಿಸಿದ್ರೆ ತೆಗೆಸಿ, 2022ರ ಜುಲೈನಲ್ಲೇ ಗ್ರಾಹಕ ರಕ್ಷಣಾ ಪ್ರಾಧಿಕಾರ ಬಲವಂತವಾಗಿ ಹಾಕಬಾರದು ಅಂತ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟೂ ಅದನ್ನ ಎತ್ತಿಹಿಡಿದಿದೆ. ಒಪ್ಪದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಆದ್ರೆ ಬಡಿಸಿದ ಹುಡುಗನ ಕೈಗೆ ನೇರವಾಗಿ ನೂರು ರೂಪಾಯಿ ಕೊಟ್ಟು ಬನ್ನಿ, ಹಬ್ಬದ ದಿನ ಮನೆ ಬಿಟ್ಟು ನಮಗೆ ಬಡಿಸ್ತಿರೋ ಮಕ್ಕಳು ಅವರು.

ಬರೋಕೆ ಆಗದೆ ಮನೇಲಿ ಮಲಗಿರೋರು ಪ್ರತೀ ಸಲ ಇಬ್ಬರು ಮೂವರು ಇದ್ದೇ ಇರ್ತಾರೆ. ಅವರ ಪಾರ್ಸಲ್ ಊಟ ಮುಗಿದ ಮೇಲೆ ಹೇಳಬೇಡಿ, ಆ ಹೊತ್ತಿಗೆ ಪಾರ್ಸಲ್ ಕೌಂಟರಲ್ಲಿ ಇನ್ನೊಂದು ಕ್ಯೂ ಇರತ್ತೆ, ಉಂಡ ಹೊಟ್ಟೇಲಿ ಮತ್ತೆ ಅರ್ಧ ಗಂಟೆ ನಿಲ್ಲಬೇಕು. ಮುಂಚೆ ಹೋಗೋ ಆ ಇಬ್ಬರ ಕೈಲೇ ಸ್ಟೀಲ್ ಕ್ಯಾರಿಯರ್ ಕೊಟ್ಟು ಕಳಿಸಿ. ಕೆಳಗಿನ ಡಬ್ಬಿಗೆ ಅನ್ನ, ಅದರ ಮೇಲೆ ಸಾರು, ಎಲ್ಲಕ್ಕಿಂತ ಮೇಲಿನದಕ್ಕೆ ಒಬ್ಬಟ್ಟು, ತುಪ್ಪ ಬೇರೆ. ನಾವು ಕೈ ತೊಳೆಯೋ ಹೊತ್ತಿಗೆ ಕ್ಯಾರಿಯರ್ ಗಲ್ಲಾ ಪಕ್ಕ ರೆಡಿ ಇರತ್ತೆ, ಬಿಸಿ ಇರುವಾಗಲೇ ಅವರ ಮನೆಗೆ ಮುಟ್ಟತ್ತೆ.