ಆಷಾಢದ ಗಾಳಿಗೆ ಸೋಲದ ಇ-ಸೈಕಲ್: ಆರಿಸುವುದು ಹೇಗೆ?

ಜೂನ್ ಮುಗಿಯುತ್ತಿದ್ದಂತೆ ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ, ಸಂಜೆ ಹೊತ್ತು, ಹೊಸ ಇ-ಸೈಕಲ್ಲನ್ನು ಇಳಿದು ತಳ್ಳಿಕೊಂಡು ಹೋಗುವವರು ಕಣ್ಣಿಗೆ ಬೀಳುತ್ತಾರೆ. ಸೈಕಲ್ ಕೆಟ್ಟಿರುವುದಿಲ್ಲ, ಬ್ಯಾಟರಿ ಮುಗಿದಿರುತ್ತದೆ. ಮಾತನಾಡಿಸಿದರೆ ಎಲ್ಲರದೂ ಒಂದೇ ಕತೆ. ಅಂಗಡಿಯವರು ‘ಒಮ್ಮೆ ಚಾರ್ಜ್ ಮಾಡಿದ್ರ ಅರವತ್ತ ಕಿಲೋಮೀಟರ್ ಓಡತೈತ್ರಿ’ ಅಂದಿದ್ದರು, ಮನೆಯಿಂದ ಆಫೀಸಿಗೆ ಇಪ್ಪತ್ತು, ವಾಪಸು ಇಪ್ಪತ್ತು, ಇನ್ನೂ ಇಪ್ಪತ್ತು ಉಳಿಯುತ್ತದೆ ಎಂದು ಲೆಕ್ಕ ಹಾಕಿ ದುಡ್ಡು ಕೊಟ್ಟಿದ್ದರು. ಆ ಲೆಕ್ಕದಲ್ಲಿ ಗಾಳಿಯೇ ಇರಲಿಲ್ಲ.

ದಿನಕ್ಕೆ ಮೂವತ್ತು–ನಲವತ್ತು ಕಿಲೋಮೀಟರ್ ಓಡಾಡುವವರಿಗಾಗಿ, ಅದರಲ್ಲೂ ಬಯಲಲ್ಲಿ ಗಾಳಿಗೆ ಎದೆಕೊಟ್ಟು ಹೋಗಬೇಕಾದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಓಣಿಯಿಂದ ಮಾರ್ಕೆಟ್ಟಿಗೆ ಹೋಗಿಬರುವವರಿಗೆ ಇಷ್ಟೆಲ್ಲ ಬೇಕಿಲ್ಲ. ಅವರು ಇಷ್ಟವಾದ ಬಣ್ಣದ್ದು ತೆಗೆದುಕೊಳ್ಳಬಹುದು.

ಹೆಜ್ಜೆ 1: ನಿಮ್ಮ ದಾರಿಯ ಗಾಳಿ ನೋಡಿಕೊಳ್ಳಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗಾಳಿ ಬರುವುದು ಪಶ್ಚಿಮ, ನೈಋತ್ಯದಿಂದ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ ಇದ್ದವರಿಗೆ ಬೆಳಗ್ಗೆ ಅದು ಹಿಂದಿನಿಂದ ತಳ್ಳುತ್ತದೆ, ಸಂಜೆ ಎಡಗಡೆಯಿಂದ ಓರೆಯಾಗಿ ಎದುರಿಗೆ ಬಡಿಯುತ್ತದೆ. ಧಾರವಾಡ ಎತ್ತರದಲ್ಲಿರುವುದರಿಂದ ಸಂಜೆಯ ದಾರಿ ಏರು ಕೂಡ. ಅಂದರೆ ಕಾಲು ಸೋತಿರುವಾಗ, ಬ್ಯಾಟರಿ ಅರ್ಧ ಇಳಿದಿರುವಾಗ ದಾರಿ ಕಷ್ಟದ್ದಾಗುತ್ತದೆ. ಹುಬ್ಬಳ್ಳಿಯಲ್ಲಿ ಮನೆ ಇದ್ದವರು ಪುಣ್ಯವಂತರು, ಅವರ ಕಷ್ಟ ಬೆಳಗ್ಗೆ ಬ್ಯಾಟರಿ ತುಂಬಿರುವಾಗಲೇ ಮುಗಿಯುತ್ತದೆ. ನಿಮ್ಮ ಊರು ಬೇರೆಯಾದರೆ ನಿಮ್ಮ ದಾರಿಗೆ ಇದೇ ಲೆಕ್ಕ ಹಾಕಿಕೊಳ್ಳಿ.

ಹೆಜ್ಜೆ 2: ಕಿಲೋಮೀಟರ್ ಕೇಳಬೇಡಿ, ವ್ಯಾಟ್ ಅವರ್ ಕೇಳಿ

ಜನ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಸೈಕಲ್ ಎಷ್ಟು ದೂರ ಹೋಗುತ್ತದೆ ಎಂಬುದು ಸೈಕಲ್ಲಿನ ಗುಣವಲ್ಲ. ನಿಮ್ಮ ತೂಕ, ಕೂರುವ ಭಂಗಿ, ರಸ್ತೆ, ಗಾಳಿ ಎಲ್ಲ ಸೇರಿ ಬರುವ ಉತ್ತರ ಅದು. ಡಬ್ಬಿಯ ಮೇಲಿನ ಅಂಕಿಯನ್ನು ಹಗುರ ಸವಾರ, ಸಮತಟ್ಟು ರಸ್ತೆ, ಗಾಳಿಯಿಲ್ಲದ ದಿನ, ಅತಿ ಕಡಿಮೆ ಅಸಿಸ್ಟ್ (ತುಳಿಯುವಾಗ ಮೋಟಾರು ಕೊಡುವ ನೆರವು) ಎಂದು ಇಟ್ಟುಕೊಂಡು ಬರೆದಿರುತ್ತಾರೆ. ಹೊಸ ಬ್ಯಾಟರಿಯಲ್ಲಿ ಎಷ್ಟು ಶಕ್ತಿ, ಅಂದರೆ ಎಷ್ಟು ವ್ಯಾಟ್ ಅವರ್ ಇದೆ ಎಂಬುದು ಮಾತ್ರ ಸವಾರ, ರಸ್ತೆ ನೋಡಿ ಬದಲಾಗದ ಅಂಕಿ. ಅದಕ್ಕೆ ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿ. 36 ವೋಲ್ಟ್, 7.5 ಆಂಪಿಯರ್ ಅವರ್ ಇದ್ದರೆ 270 ವ್ಯಾಟ್ ಅವರ್. 36 ವೋಲ್ಟ್, 14 ಆಂಪಿಯರ್ ಅವರ್ ಆದರೆ 504. ಬರೀ ‘ಹತ್ತು ಎಎಚ್ (ಆಂಪಿಯರ್ ಅವರ್) ಬ್ಯಾಟರಿ’ ಎಂದು ಹೇಳಿ ವೋಲ್ಟ್ ಹೇಳದವರಿದ್ದರೆ ಕೇಳಿಯೇ ತಿಳಿದುಕೊಳ್ಳಿ. 24 ವೋಲ್ಟಿನ ಹತ್ತಕ್ಕೂ 48 ವೋಲ್ಟಿನ ಹತ್ತಕ್ಕೂ ಸರಿಯಾಗಿ ಎರಡು ಪಟ್ಟು ವ್ಯತ್ಯಾಸ.

ಈಗ ಗಾಳಿಯ ಲೆಕ್ಕ. ನೆಟ್ಟಗೆ ಕೂತು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವ ಸಾಧಾರಣ ಮೈಕಟ್ಟಿನವರಿಗೆ, ಗಾಳಿ ಇಲ್ಲದ ದಿನ, ಗಾಳಿಯನ್ನು ಸೀಳಲು ಸುಮಾರು 55–60 ವ್ಯಾಟ್ ಸಾಕು. ಟೈರು ಉರುಳಿಸಲು ಇನ್ನೊಂದು 45 ವ್ಯಾಟ್. ಒಟ್ಟು ನೂರು ಚಿಲ್ಲರೆ. ಅದೇ ವೇಗದಲ್ಲಿ ಹೋಗುವಾಗ ಎದುರಿನಿಂದ ಗಂಟೆಗೆ 20 ಕಿಲೋಮೀಟರ್ ಗಾಳಿ ಬೀಸಿದರೆ, ನಿಮಗೆ ಬಡಿಯುವ ಗಾಳಿಯ ವೇಗ 40 ಆಗುತ್ತದೆ. ತಡೆಯುವ ಬಲ ಆ ವೇಗದ ವರ್ಗದಂತೆ ಏರುವುದರಿಂದ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಗಾಳಿಗೇ 225 ವ್ಯಾಟ್, ಟೈರಿನದೂ ಸೇರಿ 270. ಬೆಳಗ್ಗೆ ಗಾಳಿ ಸಹಾಯ ಮಾಡುತ್ತದಲ್ಲ, ಸಂಜೆಯದಕ್ಕೆ ಸರಿಹೋಗುತ್ತದೆ ಎಂದು ಅನೇಕರು ಅಂದುಕೊಳ್ಳುತ್ತಾರೆ. ಸರಿಹೋಗುವುದಿಲ್ಲ. ಅಷ್ಟೇ ಗಾಳಿ ಬೆನ್ನಿಗಿದ್ದರೆ ಉಳಿಯುವುದು ಹೆಚ್ಚೆಂದರೆ ಅರವತ್ತು ವ್ಯಾಟ್, ಎದುರಿಗಿದ್ದರೆ ಕಳೆಯುವುದು ನೂರ ಎಪ್ಪತ್ತು.

ನೀವೂ ಹದವಾಗಿ ಪೆಡಲ್ ತುಳಿಯುತ್ತೀರಿ ಎಂದಿಟ್ಟುಕೊಂಡರೆ, ಬೆನ್ನಿಗೆ ಗಾಳಿ ಇರುವಾಗ ಧಾರಾಳವಾಗಿ ಕಿಲೋಮೀಟರಿಗೆ 6 ವ್ಯಾಟ್ ಅವರ್, ಎದುರುಗಾಳಿಗೆ 12 ಎಂದು ಹಿಡಿಯಿರಿ. ಪ್ರತಿ ನೂರು ಮೀಟರ್ ಎತ್ತರ ಏರಲು 35 ಕೂಡಿಸಿ. ಇಪ್ಪತ್ತು ಕಿಲೋಮೀಟರ್ ಹೋಗಲು 120, ಬರಲು 240, ಧಾರವಾಡದ ಏರಿಗೆ 30. ಒಟ್ಟು 390 ವ್ಯಾಟ್ ಅವರ್. 270ರ ಬ್ಯಾಟರಿ ಕೊಂಡವರು ಹೊಸದಿರುವಾಗಲೇ ವಾಪಸು ದಾರಿಯ ಅರ್ಧದಲ್ಲಿ, ರಾಯಾಪುರದ ಆಸುಪಾಸಿನಲ್ಲಿ, ಯಾಕೆ ಇಳಿಯುತ್ತಾರೆ ಎಂಬುದು ಇಲ್ಲಿ ತಿಳಿಯುತ್ತದೆ.

ಇನ್ನೂ ಎರಡು ಕಳೆಯಬೇಕು. ಬಳಸುತ್ತ ಬಳಸುತ್ತ ಬ್ಯಾಟರಿಯ ಶಕ್ತಿ ಐದರಲ್ಲಿ ಒಂದು ಪಾಲು ಕುಗ್ಗುತ್ತದೆ. ಜೊತೆಗೆ ಕೊನೆಯ ಹದಿನೈದು ಪ್ರತಿಶತವನ್ನು ಎದುರುಗಾಳಿಯಲ್ಲಿ ನಂಬಬಾರದು. ಬ್ಯಾಟರಿ ತಳ ಮುಟ್ಟುತ್ತಿರುವಾಗ ಮೋಟಾರು ಜೋರಾಗಿ ಎಳೆದರೆ ವೋಲ್ಟೇಜ್ ಕುಸಿದು, ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರ್ ಕರೆಂಟ್ ಕಡಿದುಬಿಡುತ್ತದೆ. ಡಿಸ್‌ಪ್ಲೇ ಗಮನಿಸಿ ನೋಡಿ: ಸಿಗ್ನಲ್ಲಿನಲ್ಲಿ ನಿಂತಾಗ ಎರಡು ಗೆರೆ, ಹೊರಟ ಕೂಡಲೇ ಒಂದು, ಗಾಳಿ ಜೋರಾದರೆ ಅದೂ ಮಿಣುಕುತ್ತದೆ. ಚಹಾ ಕುಡಿದು ಬಂದರೆ ಮತ್ತೆ ಎರಡು ಗೆರೆ. ಅದನ್ನು ನಂಬಿ ಹೊರಟವರೇ ಮುಂದಿನ ಏರಿನಲ್ಲಿ ನಿಲ್ಲುತ್ತಾರೆ.

ಇವೆರಡನ್ನೂ ಸೇರಿಸಿದರೆ 390 ಹೋಗಿ 570ರ ಹತ್ತಿರ ಬರುತ್ತದೆ. ಹೋಗಿ ಬರಲು ಒಂದೇ ಚಾರ್ಜ್ ಸಾಕಾಗಬೇಕೆಂದರೆ 36 ವೋಲ್ಟ್ 16 ಆಂಪಿಯರ್ ಅವರ್, ಇಲ್ಲವೇ 48 ವೋಲ್ಟ್ 12 ಆಂಪಿಯರ್ ಅವರ್‌ಗಿಂತ ಕಡಿಮೆಯದು ಬೇಡ. ಆಫೀಸಿನಲ್ಲಿ ಚಾರ್ಜ್ ಮಾಡಲು ಬಿಡುತ್ತಾರಾದರೆ ಸಂಜೆಯ 270ಕ್ಕೆ (240, ಏರಿನ 30) ಮಾತ್ರ ಲೆಕ್ಕ ಹಾಕಿದರಾಯಿತು, 400ರ ಬ್ಯಾಟರಿ ಸಾಕು. ಸಾವಿರಾರು ರೂಪಾಯಿ ಉಳಿಯುತ್ತದೆ. ಆದ್ದರಿಂದ ಸೈಕಲ್ ನೋಡುವ ಮೊದಲು ಆಫೀಸಿನಲ್ಲಿ ಒಂದು ಪ್ಲಗ್ ಪಾಯಿಂಟ್ ಕೇಳಿಕೊಳ್ಳಿ. ಬ್ಯಾಟರಿ ಬಿಚ್ಚಿ ಒಳಗೆ ಒಯ್ಯುವಂತಿರಬೇಕು, ಬೀಗ ಇರಬೇಕು. ಫ್ರೇಮಿನೊಳಗೆ ಹುದುಗಿಸಿ ತೆಗೆಯಲು ಬಾರದಂತೆ ಮಾಡಿದವು ನೋಡಲು ಚೆಂದ, ದಿನದ ಓಡಾಟಕ್ಕೆ ಸಲ್ಲ. ಲೆಡ್ ಆಸಿಡ್ ಬ್ಯಾಟರಿಯದ್ದನ್ನು ಯಾರಾದರೂ ಅಗ್ಗಕ್ಕೆ ತೋರಿಸಿದರೆ ನೋಡಲೂ ಹೋಗಬೇಡಿ. ಭಾರಕ್ಕೆ ಭಾರ, ಎದುರುಗಾಳಿಯಂಥ ಜೋರು ಎಳೆತದಲ್ಲಿ ಬರೆದಿರುವ ಶಕ್ತಿಯೂ ಕೈಗೆ ಸಿಗುವುದಿಲ್ಲ.

ಹೆಜ್ಜೆ 3: ಮೋಟಾರು

ನಮ್ಮ ಕಾನೂನಿನಲ್ಲಿ ಮೋಟಾರಿನ ಶಕ್ತಿ 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ಲೈಸೆನ್ಸ್ ಬೇಡ, ನೋಂದಣಿ ಬೇಡ. ಅದನ್ನು ಮೀರಿದರೆ ಅದು ಸೈಕಲ್ಲಲ್ಲ, ಮೋಟಾರು ವಾಹನ. ಹಳೆಯ ಸೈಕಲ್ಲಿಗೆ ಸಾವಿರ ವ್ಯಾಟಿನ ಕಿಟ್ ಹಾಕಿಸಿ ಗಾಳಿಯನ್ನು ಗೆಲ್ಲುತ್ತೇನೆ ಎಂಬ ಅಡ್ಡದಾರಿ ಹಿಡಿಯಬೇಡಿ. ಅಪಘಾತವಾದರೆ ವಿಮೆಯೂ ಇಲ್ಲ, ಕಾಗದವೂ ಇಲ್ಲ. ಮುಂಚಕ್ರದ ಹಬ್ (ಚಕ್ರದ ನಡುವೆಯೇ ಮೋಟಾರು ಕೂರುವ) ಕಿಟ್ಟುಗಳಲ್ಲಿ ಇನ್ನೊಂದು ಅಪಾಯವಿದೆ: ಆಕ್ಸಲ್ ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಇಲ್ಲದೆ ಕೂರಿಸಿದರೆ, ಎಳೆತ ಹೆಚ್ಚಾದಾಗ ಆಕ್ಸಲ್ ಫೋರ್ಕಿನಲ್ಲೇ ತಿರುಗಿ ವೈರು ಹರಿಯುತ್ತದೆ, ಚಕ್ರ ಕಳಚಿಕೊಳ್ಳಲೂಬಹುದು.

250 ವ್ಯಾಟ್ ಎಂದಾಗ ಎದುರುಗಾಳಿಗೆ ಬೇಕಾದ ಮೇಲಿನ 270 ವ್ಯಾಟ್ ನೆನಪಿಗೆ ಬಂದಿರಬೇಕು. ಹೌದು, ಬರೀ ಥ್ರಾಟಲ್ ತಿರುವಿಕೊಂಡು ಎದುರುಗಾಳಿಯಲ್ಲಿ 20ರ ವೇಗ ಕಾಯಲು ಈ ಮೋಟಾರಿನಿಂದ ಆಗದು. ವೇಗ ಇಳಿಯುತ್ತದೆ, ವೇಗ ಇಳಿದಂತೆ ಹಬ್ ಮೋಟಾರು ಶಕ್ತಿಯನ್ನು ಕಾವಾಗಿ ಕಳೆಯುತ್ತದೆ. ಹಾಗಾಗಿ ತುಳಿಯಲೇಬೇಕು, ತುಳಿಯಲು ಗೇರ್ ಇರಲೇಬೇಕು. ಸಿಂಗಲ್ ಸ್ಪೀಡ್ ಸೈಕಲ್ಲಿನಲ್ಲಿ ಗಾಳಿ ಹೊಡೆದಾಗ ಮೊಣಕಾಲು ನೋಯುತ್ತದೆ. ಹಿಂದೆ ಏಳು ಗೇರ್ ಇದ್ದರೆ ನೆಮ್ಮದಿ.

ಒಳಗೆ ಹಲ್ಲುಚಕ್ರವಿರುವ ಗೇರ್ಡ್ ಹಬ್ ಮೋಟಾರನ್ನೇ ಹಿಂಚಕ್ರದಲ್ಲಿ ಕೇಳಿ. ಬ್ಯಾಟರಿ ಮುಗಿದರೂ ಅದು ತಡೆಯಿಲ್ಲದೆ ಉರುಳುತ್ತದೆ. ಹಲ್ಲುಚಕ್ರವಿಲ್ಲದ ದೊಡ್ಡ ಹಬ್ ಮೋಟಾರು ಕರೆಂಟಿಲ್ಲದಾಗ ಹಿಂದಕ್ಕೆ ಎಳೆಯುತ್ತದೆ. ಪೆಡಲ್ ಬಳಿ ಕೂರುವ ಮಿಡ್ ಡ್ರೈವ್ ಏರಿನಲ್ಲಿ ಬಲು ಸೊಗಸು, ಆದರೆ ಬೆಲೆ ಜಾಸ್ತಿ, ಚೈನು ಬೇಗ ಸವೆಯುತ್ತದೆ, ರಿಪೇರಿ ಬಲ್ಲವರು ಎಲ್ಲ ಊರಲ್ಲೂ ಸಿಗುವುದಿಲ್ಲ. ನಾನಂತೂ ದಿನದ ಓಡಾಟಕ್ಕೆ ಹಬ್ ಮೋಟಾರನ್ನೇ ಹೇಳುತ್ತೇನೆ.

ಸೆನ್ಸರ್ ವಿಷಯ. ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಎಂದಷ್ಟೇ ನೋಡುವುದು ಒಂದು ಬಗೆ, ನೀವು ಎಷ್ಟು ಬಲ ಹಾಕುತ್ತಿದ್ದೀರಿ ಎಂದು ಅಳೆಯುವ ಟಾರ್ಕ್ ಸೆನ್ಸರ್ ಇನ್ನೊಂದು. ಗಾಳಿ ಒಂದೇ ಸಮ ಬೀಸುವುದಿಲ್ಲ, ಬಂದು ಬಂದು ಹೊಡೆಯುತ್ತದೆ. ಆಗ ಟಾರ್ಕ್ ಸೆನ್ಸರ್ ಕಾಲಿನ ಜೊತೆಗೇ ಕೈಜೋಡಿಸುತ್ತದೆ. ಕೈಯಲ್ಲಿ ಹಣವಿದ್ದರೆ ಡಿಸ್‌ಪ್ಲೇಯ ಬಣ್ಣಕ್ಕಲ್ಲ, ಇದಕ್ಕೆ ಖರ್ಚು ಮಾಡಿ.

ಹೆಜ್ಜೆ 4: ಕೂರುವ ಭಂಗಿ, ಟೈರು, ಚೀಲ

ಗಾಳಿಯನ್ನು ತಡೆಯುವುದು ಬಹುಪಾಲು ನಿಮ್ಮ ಎದೆ, ಸೈಕಲ್ಲಲ್ಲ. ಹ್ಯಾಂಡಲ್ ಎತ್ತರವಾಗಿ, ಕುರ್ಚಿಯಲ್ಲಿ ಕೂತಂತೆ ಕೂರಿಸುವ ಮಾದರಿ ಈ ದಾರಿಗೆ ಬೇಡ. ತುಸು ಮುಂದೆ ಬಾಗಿಸುವ ‘ಹೈಬ್ರಿಡ್’ ಎಂಬ ಮಾದರಿಯ ಸೈಕಲ್ ಇರಲಿ. ಹ್ಯಾಂಡಲ್ ಇಳಿಸಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ಮಾಡಿ ತೋರಿಸಲು ಹೇಳಿ.

ನಾಲ್ಕು ಇಂಚಿನ ಫ್ಯಾಟ್ ಟೈರ್ ಇ-ಸೈಕಲ್ಲುಗಳ ಮೇಲೆ ಹುಡುಗರಿಗೆ ಭಾರಿ ಮೋಹ. ಮರಳಿಗೆ, ಕೆಸರಿಗೆ ಮಾಡಿದ ಟೈರದು. ಡಾಂಬರು ರಸ್ತೆಯಲ್ಲಿ ಬ್ಯಾಟರಿ ತಿನ್ನುತ್ತದೆ. 40ರಿಂದ 47 ಮಿಲಿಮೀಟರ್ ಅಗಲ ನಮ್ಮ ಗುಂಡಿಗಳಿಗೂ ಸಾಕು, ವೇಗಕ್ಕೂ ಸಾಕು. ಗಾಳಿ ವಾರಕ್ಕೊಮ್ಮೆ ತುಂಬಿಸಿ.

ಅಡ್ಡಗಾಳಿಗೆ ಸೈಕಲ್ ವಾಲುವುದು ಮುಂದಿನ ಭಾರದಿಂದ, ಅಗಲ ಚೀಲದಿಂದ. ಹ್ಯಾಂಡಲ್‌ಗೆ ಊಟದ ಚೀಲ ನೇತುಹಾಕಬೇಡಿ, ಹಿಂದಿನ ಕ್ಯಾರಿಯರ್ ಮೇಲೆ ಉದ್ದಕ್ಕೆ ಕಟ್ಟಿ. ಬೈಪಾಸಿನಲ್ಲಿ ಲಾರಿ ಪಕ್ಕಕ್ಕೆ ಬಂದಾಗ ಒಂದು ಕ್ಷಣ ಗಾಳಿ ನಿಂತು, ದಾಟಿದ ಕೂಡಲೇ ಮತ್ತೆ ರಪ್ಪನೆ ಬಡಿಯುತ್ತದೆ. ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದಿರಬೇಕು. ಅದಕ್ಕೇ ಮೊಬೈಲ್ ನೋಡುತ್ತ ಹೋಗುವುದು ಇಲ್ಲಿ ಜೀವಕ್ಕೆ ಅಪಾಯ. ಜಿಟಿಜಿಟಿ ಮಳೆಗೆ ಜೋಲುವ ಪೋಂಚೊ ಹಾಕಿಕೊಂಡರೆ ಅದು ಹಾಯಿಯಂತೆ ಉಬ್ಬಿ ಹಿಂದಕ್ಕೆ ಎಳೆಯುತ್ತದೆ. ಮೈಗೊಪ್ಪುವ ಜಾಕೆಟ್–ಪ್ಯಾಂಟಿನ ರೇನ್‌ಕೋಟೇ ಸರಿ. ಮಡ್‌ಗಾರ್ಡ್ ಎರಡೂ ಚಕ್ರಕ್ಕೆ ಪೂರಾ ಇರಬೇಕು.

ಬ್ರೇಕು: ಎರಡೂ ಕಡೆ ಡಿಸ್ಕ್. ಲೈಟು: ಎರಡೂ ಕಡೆ.

ಹೆಜ್ಜೆ 5: ಗಾಳಿಯಲ್ಲೇ ಓಡಿಸಿ ನೋಡಿ

ಅಂಗಡಿ ಮುಂದಿನ ಗಲ್ಲಿಯಲ್ಲಿ ಒಂದು ಸುತ್ತು ಹೊಡೆದರೆ ಯಾವ ಸೈಕಲ್ಲೂ ಚೆನ್ನಾಗಿಯೇ ಓಡುತ್ತದೆ. ಆಷಾಢದಲ್ಲೇ ಕೊಳ್ಳಿರಿ. ರಿಯಾಯಿತಿಯೂ ಆಗ ಇರುತ್ತದೆ, ಗಾಳಿಯೂ ಇರುತ್ತದೆ. ಮಧ್ಯಾಹ್ನ ಮೂರರ ಮೇಲೆ ಹೋಗಿ, ನಿಮ್ಮ ಚೀಲ ಹೊತ್ತು, ಊರ ಹೊರಗಿನ ಬಯಲು ರಸ್ತೆಯಲ್ಲಿ ಗಾಳಿಗೆ ಎದುರಾಗಿ ನಾಲ್ಕೈದು ಕಿಲೋಮೀಟರ್ ಓಡಿಸಲು ಕೇಳಿ. ಅಸಿಸ್ಟ್ ನಡುವಿನ ಹಂತದಲ್ಲಿರಲಿ. ಕಾಲು ಸರಾಗವಾಗಿ ತಿರುಗುತ್ತಿದೆಯೇ, ಗೇರ್ ಸಾಲುತ್ತದೆಯೇ, ಇಳಿದ ಮೇಲೆ ಮೋಟಾರು ಮುಟ್ಟಲಾರದಷ್ಟು ಕಾದಿದೆಯೇ ನೋಡಿ. ಆಮೇಲೆ ವೇಗವನ್ನು 15ಕ್ಕೆ ಇಳಿಸಿ ಓಡಿಸಿ. ಎದುರುಗಾಳಿಯಲ್ಲಿ 20ರಿಂದ 15ಕ್ಕೆ ಇಳಿದರೆ ಕಿಲೋಮೀಟರಿಗೆ ತಗಲುವ ಶಕ್ತಿಯಲ್ಲಿ ಐದರಲ್ಲಿ ಒಂದು ಪಾಲು ಉಳಿತಾಯವಾಗುತ್ತದೆ, ಇಪ್ಪತ್ತು ಕಿಲೋಮೀಟರಿಗೆ ಇಪ್ಪತ್ತು ನಿಮಿಷ ತಡವಾಗುತ್ತದೆ. ಬ್ಯಾಟರಿ ಕಡಿಮೆಯಿರುವ ಸಂಜೆ ಮನೆ ಮುಟ್ಟಿಸುವುದು ಈ 15ರ ವೇಗವೇ. ಆ ವೇಗದಲ್ಲಿ ಸೈಕಲ್ ಹಿತವಾಗಿ ಓಡದಿದ್ದರೆ ಬೇರೆಯದು ನೋಡಿ. ಟೆಸ್ಟ್ ರೈಡ್ ಇಷ್ಟು ದೂರ ಕೊಡುವುದಿಲ್ಲ ಎಂದರೆ ಆ ಅಂಗಡಿ ಬಿಟ್ಟುಬಿಡಿ.

ಹೆಜ್ಜೆ 6: ಬಿಲ್

ಬ್ಯಾಟರಿಯ ವೋಲ್ಟ್, ಆಂಪಿಯರ್ ಅವರ್, ಕ್ರಮಸಂಖ್ಯೆ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಫ್ರೇಮಿನ ವಾರಂಟಿ ಬೇರೆ, ಬ್ಯಾಟರಿಯದು ಬೇರೆ ಇರುತ್ತದೆ. ಬ್ಯಾಟರಿಯದ್ದು ಎಷ್ಟು ವರ್ಷ, ಶಕ್ತಿ ಎಷ್ಟಕ್ಕೆ ಇಳಿದರೆ ಬದಲಾಯಿಸಿ ಕೊಡುತ್ತಾರೆ ಎಂಬುದನ್ನೂ ಬರೆಸಿ, ಬಾಯಿಮಾತು ಸಾಲದು. ಹೊಸ ಬ್ಯಾಟರಿಯ ಇಂದಿನ ಬೆಲೆಯನ್ನೂ ಕೇಳಿಡಿ. ಕೆಲವು ವರ್ಷ ಕಳೆದ ಮೇಲೆ ಅದನ್ನು ಕೊಳ್ಳಲೇಬೇಕಾಗುತ್ತದೆ, ಆ ಬ್ಯಾಟರಿ ಸಿಗದ ಮಾದರಿ ಇವತ್ತು ಎಷ್ಟೇ ಅಗ್ಗವಿದ್ದರೂ ಬೇಡ. ಚಾರ್ಜರ್ ಅದೇ ಕಂಪನಿಯದಿರಲಿ. ಆಫೀಸಿನಲ್ಲಿಡಲು ಇನ್ನೊಂದು ಚಾರ್ಜರ್ ಬೇಕಾದರೆ ಚೌಕಾಸಿಯನ್ನು ಅಲ್ಲೇ, ಹಣ ಕೊಡುವ ಮೊದಲೇ ಮಾಡಿ.